ಚರ್ಮದ ಚೆಂಡು ಮತ್ತು ಎರಡು ಪಾಠಶಾಲೆಗಳು

ಯುದ್ಧಗಳನ್ನೂ ರಾಜ್ಯಗಳ ಏಳುಬೀಳುಗಳನ್ನೂ ಬರೆದಿಡುವುದೇ ಚರಿತ್ರೆಯೆಂದು ಬಹುಮಂದಿ ತಿಳಿದಿರುವರು. ಆದರೆ ಜನರ ಆಚಾರವಿಚಾರಗಳಲ್ಲಿ ನಿಜವಾದ ಮಾರ್ಪಾಟನ್ನು ತಂದ ಸಂಗತಿಗಳು ಅನೇಕ ವೇಳೆ ಅತ್ಯಲ್ಪವಾಗಿ ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಭರತಖಂಡದ ಎರಡು ಪಾಠಶಾಲೆಗಳೊಳಕ್ಕೆ ಕಾಲ್ಚೆಂಡು ಹೊಕ್ಕ ವೃತ್ತಾಂತವು ಅಂತಹುದು. ಒಂದು ಕಲ್ಕತ್ತೆಯ ಹೇರ್ ಶಾಲೆ. ಮತ್ತೊಂದು ಶ್ರೀನಗರದ ಮಿಷನ್ ಶಾಲೆ. ಮೊದಲನೆಯದರಲ್ಲಿ ಹುಡುಗರೇ ಚೆಂಡನ್ನು ಅರಸಿಕೊಂಡು ಹೋದರು. ಎರಡನೆಯದರಲ್ಲಿ ಚೆಂಡೇ ಹುಡುಗರನ್ನು ಅರಸಿಕೊಂಡು ಬಂದಿತು, ಅದೂ ಕೋಲಿನ ಬೆಂಗಾವಲಿನೊಡನೆ. ಎರಡು ಕಡೆಗಳಲ್ಲಿಯೂ ಮಡಿಮೈಲಿಗೆಯ ಪ್ರಶ್ನೆಯು ಅಡ್ಡ ಬಂದಿತು. ಅದನ್ನು ಎಲ್ಲಿ ಯಾರು ಹೇಗೆ ದಾಟಿದರೆಂಬುದು ಮಕ್ಕಳಿಗೆ ವಿದ್ಯೆಯನ್ನು ಕಲಿಸುವವರೂ ಕಲಿಸಲು ಕಳುಹಿಸುವವರೂ ಆಲೋಚಿಸತಕ್ಕ ವಿಷಯವಾಗಿದೆ.

ಚೆಂಡಾಟವೇನೋ ಈ ದೇಶಕ್ಕೆ ಹೊಸತಲ್ಲ. ಕಂದುಕಕ್ರೀಡೆಯ ವರ್ಣನೆ ಸಂಸ್ಕೃತಕಾವ್ಯಗಳಲ್ಲಿ ಹೇರಳವಾಗಿದೆ. ದಂಡಿಯ ದಶಕುಮಾರಚರಿತದಲ್ಲಿ ಸುಹ್ಮದೇಶದ ದಾಮಲಿಪ್ತವೆಂಬ ನಗರದಲ್ಲಿ ರಾಜಪುತ್ರಿಯಾದ ಕಂದುಕಾವತಿಯು ದೇವಿಯ ಪ್ರೀತ್ಯರ್ಥವಾಗಿ ಚೆಂಡಾಡುವ ಉತ್ಸವವು ಬಂದಿದೆ. ಆ ದಾಮಲಿಪ್ತವೇ ವಂಗದೇಶದ ಪುರಾತನ ರೇವುಪಟ್ಟಣವಾದ ತಾಮ್ರಲಿಪ್ತಿಯೆಂದು ವಿದ್ವಾಂಸರು ಹೇಳುವರು. ಆದರೆ ಆ ಕಂದುಕವು ಕೈಯಿಂದ ಪುಟಿಸುವ ಚೆಂಡು. ಅದರಲ್ಲಿ ಲಾಲಿತ್ಯವೇ ಪ್ರಧಾನ. ಹನ್ನೊಂದು ಮಂದಿ ಒಂದು ಕಡೆ, ಹನ್ನೊಂದು ಮಂದಿ ಇನ್ನೊಂದು ಕಡೆ ನಿಂತು, ಗಾಳಿ ತುಂಬಿದ ತೊಗಲಿನ ಚೆಂಡನ್ನು ಕಾಲಿನಿಂದ ಒದೆಯುತ್ತ ಎದುರಾಳಿಗಳ ಎಲ್ಲೆಗೆ ನುಗ್ಗಿಸುವ ಆಟವು ಆಂಗ್ಲೇಯರೊಡನೆ ಬಂದುದು.

ಆಂಗ್ಲೇಯರಲ್ಲಿಯೂ ಈ ಆಟಕ್ಕೆ ಇಂದಿನ ರೂಪ ಬಂದುದು ಪಾಠಶಾಲೆಗಳಿಂದಲೇ. ಅಲ್ಲಿನ ಹಳೆಯ ವಸತಿಶಾಲೆಗಳು ಒಂದೊಂದೂ ತನ್ನ ತನ್ನ ನೆಲಕ್ಕೆ ಒಪ್ಪುವ ನಿಯಮಗಳನ್ನು ಮಾಡಿಕೊಂಡಿದ್ದುವು. ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯ ಹುಡುಗರಿಗೆ ಕಲ್ಲು ಹಾಸಿದ ಇಕ್ಕಟ್ಟಾದ ಪಡಸಾಲೆಯೇ ಆಟದ ಬಯಲು. ಆದುದರಿಂದ ಅವರು ಚೆಂಡನ್ನು ಕಾಲಿನಲ್ಲಿಯೇ ನವಿರಾಗಿ ಹೊರಳಿಸಿಕೊಂಡು ಹೋಗುವುದನ್ನು ಕಲಿತರು. ರಗ್ಬಿ ಎಂಬ ಊರಿನ ಶಾಲೆಗೆ ವಿಶಾಲವಾದ ಹುಲ್ಲುಬಯಲಿತ್ತು. ಅಲ್ಲಿ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಓಡುವುದೂ, ಓಡುವವನನ್ನು ಹಿಡಿದು ಕೆಡಹುವುದೂ ರೂಢಿಯಾಯಿತು. ಬೇರೆ ಬೇರೆ ಶಾಲೆಗಳ ಹುಡುಗರು ಬೆಳೆದು ಒಂದೇ ವಿಶ್ವವಿದ್ಯಾನಿಲಯದಲ್ಲಿ ಕಲೆತಾಗ, ಯಾರ ನಿಯಮದಂತೆ ಆಡಬೇಕೆಂಬ ವಿವಾದ ಹುಟ್ಟಿತು. 1863ನೆಯ ಇಸವಿ ಅಕ್ಟೋಬರ್ 26ರಂದು ಲಂಡನ್ನಿನಲ್ಲಿ ಕೆಲವು ತಂಡಗಳವರು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿ ಒಂದು ಬಗೆಯ ಆಟಕ್ಕೆ ನಿಯಮಗಳನ್ನು ಗೊತ್ತುಮಾಡಿದರು. ಕೈಯಾಟವನ್ನು ಬಿಡಲೊಲ್ಲದವರು 1871ರಲ್ಲಿ ರಗ್ಬಿ ಯೂನಿಯನ್ ಎಂಬ ಬೇರೊಂದು ಸಂಘವನ್ನು ಕಟ್ಟಿದರು. ಮೊದಲನೆಯದರ ಚೆಂಡು ದುಂಡು, ಎರಡನೆಯದು ಮೊಟ್ಟೆಯಾಕಾರದ್ದು. ಅಸೋಸಿಯೇಷನ್ ಎಂಬ ಹೆಸರನ್ನು ವಿದ್ಯಾರ್ಥಿಗಳು ಮೊಟಕುಮಾಡಿ ಆಡಿದುದರಿಂದ ‘ಸಾಕರ್’ ಎಂಬ ಮಾತು ಹುಟ್ಟಿತು. ಹೀಗೆ ಎರಡೂ ಆಟಗಳಿಗೆ ಪಾಠಶಾಲೆಯೇ ತವರು; ಎರಡಕ್ಕೂ ಕಾಲ್ಚೆಂಡೆಂಬ ಒಂದೇ ಹೆಸರು. ಈ ಹೆಸರಿನ ತೊಡಕಿನಿಂದಲೇ ಕಲ್ಕತ್ತೆಯ ಕಥೆಯು ಆರಂಭವಾಗುತ್ತದೆ.

1877ನೆಯ ಇಸವಿಯಲ್ಲಿ ನಗೇಂದ್ರಪ್ರಸಾದ ಸರ್ವಾಧಿಕಾರಿಯೆಂಬ ಎಂಟು ವರ್ಷದ ಬಾಲಕನು ತಾಯಿಯೊಡನೆ ಬಂಡಿಯಲ್ಲಿ ಗಂಗಾಸ್ನಾನಕ್ಕೆ ಹೋಗುತ್ತಿದ್ದಾಗ, ಮೈದಾನದಲ್ಲಿ ಆಂಗ್ಲ ಸಿಪಾಯಿಗಳು ಆಡುತ್ತಿದ್ದುದನ್ನು ಕಂಡು ಇಳಿದು ನಿಂತನೆಂದೂ, ಉರುಳಿಬಂದ ಚೆಂಡನ್ನು ಸಿಪಾಯಿಯೊಬ್ಬನು ಹೇಳಲು ಒದ್ದು ಹಿಂದಕ್ಕೆ ಕಳುಹಿಸಿದನೆಂದೂ ವಂಗದೇಶದಲ್ಲಿ ಪ್ರತೀತಿಯಿದೆ. ಆತನು ಹೇರ್ ಶಾಲೆಯ ತನ್ನ ಸಹಪಾಠಿಗಳಿಂದ ವಂತಿಗೆಯನ್ನು ಕೂಡಿಸಿ ಆಂಗ್ಲರ ಅಂಗಡಿಯಿಂದ ಒಂದು ಚೆಂಡನ್ನು ಕೊಂಡು ತಂದನು. ಅದು ರಗ್ಬಿಯ ಚೆಂಡೆಂಬುದು ಆ ಮಕ್ಕಳಿಗೆ ತಿಳಿಯದು. ಶಾಲೆಯ ಅಂಗಳದಲ್ಲಿ ಅವರು ಅದನ್ನೇ ಒದೆಯುತ್ತ, ಅದು ಹೋದತ್ತ ಓಡುತ್ತ ಇದ್ದುದನ್ನು ನೆರೆಯ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾದ ಸ್ಟ್ಯಾಕ್ ಎಂಬವರು ಕಂಡರು. ಎರಡು ಆಟಗಳ ಭೇದವನ್ನು ತಿಳಿಸಿ, ದುಂಡಾದ ಚೆಂಡೊಂದನ್ನು ಕೊಡಿಸಿ, ಆಡುವ ಕ್ರಮವನ್ನು ಹೇಳಿಕೊಟ್ಟರೆಂದು ಹೇಳುವರು. ಇಲ್ಲಿ ಗುರುವಿನ ಪಾತ್ರವು ಸ್ವಲ್ಪ. ಆಸೆಯು ಶಿಷ್ಯರಲ್ಲಿ ಮೊದಲೇ ಹುಟ್ಟಿದ್ದಿತು. ಗುರುವು ಅದಕ್ಕೆ ದಾರಿಯನ್ನು ತೋರಿಸಿದನು.

ಶ್ರೀನಗರದ ಸ್ಥಿತಿಯು ಬೇರೆ. ಕಾಶ್ಮೀರದ ಪಂಡಿತರು ಕನ್ನಡಿಗರಿಗೆ ಅಪರಿಚಿತರಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಂದು ವಿಕ್ರಮಾಂಕದೇವಚರಿತವನ್ನು ರಚಿಸಿದ ಬಿಲ್ಹಣನು ಆ ನಾಡಿನವನೇ. ಕಲ್ಹಣ, ಕ್ಷೇಮೇಂದ್ರ, ಅಭಿನವಗುಪ್ತರ ಆ ಸಂತತಿಯು ಕಾಲಕ್ರಮದಲ್ಲಿ ಪಾರಸಿಯನ್ನು ಕಲಿತು ದರ್ಬಾರಿನ ಲೇಖಕವೃತ್ತಿಯಿಂದ ಜೀವಿಸುತ್ತಿತ್ತು. 1889ರ ಸುಮಾರಿಗೆ ರಾಜ್ಯದ ವ್ಯವಹಾರದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಇಂಗ್ಲಿಷಿನ ಅವಶ್ಯಕತೆಯೂ ತಲೆದೋರಿತು. ಚರ್ಚ್ ಮಿಷನರಿ ಸೊಸೈಟಿಯವರು 1880ರ ವೇಳೆಗೆ ತೆರೆದ ಶಾಲೆಗೆ ಪಂಡಿತರ ಮಕ್ಕಳು ಸೇರಿದುದು ಮುಖ್ಯವಾಗಿ ಈ ಕಾರಣದಿಂದ. ಕಾಶ್ಮೀರದ ಗಾದೆಗಳನ್ನೂ ಜನಪದ ಕಥೆಗಳನ್ನೂ ಸಂಗ್ರಹಿಸಿ ಪ್ರಕಟಿಸಿದ ಹಿಂಟನ್ ನೋಲ್ಸ್ ಎಂಬವರು ಆ ಶಾಲೆಯನ್ನು ಕೆಲಕಾಲ ನಡೆಸಿದ್ದರು. ಹುಡುಗರು ಉದ್ದವಾದ ಫೆರನ್ ಎಂಬ ನಿಲುವಂಗಿಯನ್ನು ತೊಟ್ಟು, ಚಳಿಗಾಲದಲ್ಲಿ ಅದರೊಳಗೆ ಕಾಂಗಡಿಯೆಂಬ ಅಗ್ಗಿಷ್ಟಿಕೆಯನ್ನು ಇರಿಸಿಕೊಂಡು, ಚಕ್ಕಳಬಕ್ಕಳ ಹಾಕಿ ಕುಳಿತು ಪಾಠವನ್ನು ಒಪ್ಪಿಸುವರು. ಅವರಲ್ಲಿ ಗಡ್ಡಮೀಸೆ ಬಂದವರೂ ಮದುವೆಯಾದವರೂ ಇದ್ದರು. ಮೈ ದಣಿಸುವುದು ಕೂಲಿಯವನ ಕೆಲಸ, ದೋಣಿಗೆ ಹುಟ್ಟುಹಾಕುವುದು ಹಾಂಜಿಗಳ ಕೆಲಸ, ಪಂಡಿತನಿಗೆ ಅವು ಸಲ್ಲವೆಂಬ ಭಾವನೆಯು ಆ ಮನೆತನಗಳಲ್ಲಿ ಬೇರೂರಿತ್ತು.

ಈ ಶಾಲೆಗೆ 1890ರ ಡಿಸೆಂಬರಿನಲ್ಲಿ ಸೆಸಿಲ್ ಅರ್ಲ್ ಟಿಂಡೇಲ್ ಬಿಸ್ಕೋ ಎಂಬ ಇಪ್ಪತ್ತೇಳು ವರ್ಷದ ಪಾದ್ರಿ ಬಂದರು. ಕೇಂಬ್ರಿಡ್ಜಿನಲ್ಲಿ ಓದಿದವರು, 1884ರಲ್ಲಿ ಆಕ್ಸ್‌ಫರ್ಡಿನವರನ್ನು ಗೆದ್ದ ಕೇಂಬ್ರಿಡ್ಜ್ ದೋಣಿಯ ಚುಕ್ಕಾಣಿಯನ್ನು ಹಿಡಿದವರು. ದೇಹವು ಹೇಡಿಯಾದರೆ ಬುದ್ಧಿಯು ಎಷ್ಟಿದ್ದರೂ ವ್ಯರ್ಥವೆಂಬುದು ಅವರ ಸಿದ್ಧಾಂತ. 1891ರಲ್ಲಿ ಅವರು ತಮ್ಮ ವಿವಾಹಕ್ಕಾಗಿ ಮುಂಬಯಿಗೆ ಹೋಗಿದ್ದವರು ಹಿಂದಿರುಗುವಾಗ ಒಂದು ತೊಗಲಿನ ಕಾಲ್ಚೆಂಡನ್ನು ತಂದರು.

ಮುಂದಿನ ಸಂಗತಿಯನ್ನು ಬಿಸ್ಕೋರವರೇ ತಮ್ಮ ಗ್ರಂಥಗಳಲ್ಲಿ ವಿನೋದವಾಗಿ ಬರೆದಿರುವರು. ಶಾಲೆಯ ಸಭೆಯಲ್ಲಿ ಅವರು ಚೆಂಡನ್ನು ಎತ್ತಿ ತೋರಿಸಿದರು. ಇದೇನೆಂದು ಹುಡುಗರು ಕೇಳಿದರು. ಆಟದ ಚೆಂಡೆಂದು ಉತ್ತರ ಬಂದಿತು. ಆಡಿದರೆ ಹಣ ದೊರೆಯುವುದೇ ಎಂದು ಮತ್ತೆ ಪ್ರಶ್ನೆ. ಇಲ್ಲವೆಂದಮೇಲೆ ಆಡಲಾರೆವೆಂದರು. ಅದು ಯಾವುದರಿಂದ ಮಾಡಿದುದೆಂಬುದು ಕೊನೆಯ ಪ್ರಶ್ನೆ. ತೊಗಲಿನದೆಂದು ತಿಳಿದೊಡನೆ, ಅದು ಅಪವಿತ್ರ, ತೆಗೆದುಕೊಂಡು ಹೋಗಬೇಕು, ತಾವು ಮುಟ್ಟತಕ್ಕುದಲ್ಲವೆಂದು ಒಕ್ಕೊರಲಿನಿಂದ ಹೇಳಿದರು. ಬಿಸ್ಕೋರವರು ಅದಕ್ಕೆ ವಾದ ಹೂಡಲಿಲ್ಲ. ಕರಿಯ ಹಲಗೆಯ ಮೇಲೆ ಬಯಲಿನ ನಕ್ಷೆಯನ್ನು ಬರೆದು, ಆಟಗಾರರು ನಿಲ್ಲುವ ಸ್ಥಾನಗಳನ್ನು ಗುರುತಿಸಿ, ಆ ಮಧ್ಯಾಹ್ನವೇ ಆಡಬೇಕೆಂದು ಅಪ್ಪಣೆ ಮಾಡಿದರು. ಹುಡುಗರು ತಪ್ಪಿಸಿಕೊಂಡು ಹೋಗದಂತೆ ಉಪಾಧ್ಯಾಯರ ಕೈಗೆ ಕೋಲುಗಳನ್ನು ಕೊಟ್ಟು ಕಾವಲಿಟ್ಟರು.

ಕುರಿಮಂದೆಯಂತೆ ಅಟ್ಟಿಸಿಕೊಂಡು ಹುಡುಗರು ಶೇಖ್‌ಬಾಗ್ ಎಂಬ ಬಯಲಿಗೆ ಬಂದರು. ಬ್ರಾಹ್ಮಣರ ಮಕ್ಕಳು ತೊಗಲನ್ನು ಒದೆಯುವರಂತೆ ಎಂಬ ಸುದ್ದಿಯು ಹಬ್ಬಿ ಊರ ಜನರೂ ನೆರೆದರು. ಕಾಲುಗಳಲ್ಲಿ ಮರದ ಪಾದುಕೆ, ತಲೆಯಲ್ಲಿ ರುಮಾಲು, ಮೈಮೇಲೆ ಫೆರನ್. ಆರಂಭಿಸಲು ಹೇಳಿದರೆ ಯಾರೂ ಕದಲಲಿಲ್ಲ. ಐದು ನಿಮಿಷದ ಗಡುವು ಕೊಟ್ಟುದಾಯಿತು. ಗಡುವು ತೀರಿತು, ಕೋಲು ಹಿಡಿದವರು ಮುಂದೆ ಬಂದರು. ಆಗ ಒಬ್ಬನು ಒದ್ದನು, ಮತ್ತೊಬ್ಬನು ಒದ್ದನು. ಪಾದುಕೆಗಳೂ ರುಮಾಲುಗಳೂ ಆಕಾಶಕ್ಕೆ ಹಾರಿದುವು. ಸ್ವಲ್ಪ ಹೊತ್ತಿನಲ್ಲಿಯೇ ಚೆಂಡು ಹುಡುಗನೊಬ್ಬನ ಮುಖಕ್ಕೆ ಬಡಿಯಿತು. ಆಟವು ನಿಂತುಹೋಯಿತು. ಬಾಯಿಗೆ ತೊಗಲು ತಗುಲಿತೆಂದು ಆ ಹುಡುಗನು ಅಳತೊಡಗಿದನು. ಕೈಯಿಂದ ಒರಸಿಕೊಳ್ಳಲೂ ಅವನಿಗೆ ಭಯ. ಬಿಸ್ಕೋರವರು ಅವನನ್ನು ಹತ್ತಿರದ ಕಾಲುವೆಗೆ ಕರೆದೊಯ್ದು ಮುಖ ತೊಳೆಸಿರೆಂದರು. ಹಾಗೆಯೇ ಮಾಡಿದರು. ತೊಳೆದು ಬಂದಮೇಲೆ ಆಟವು ಮತ್ತೆ ಸಾಗಿತು.

ಈ ವೃತ್ತಾಂತವನ್ನು ಓದುವವರು ಸಾಮಾನ್ಯವಾಗಿ ನಕ್ಕು ಮುಂದೆ ಹೋಗುವರು. ನಿಲ್ಲಿಸಿ ನೋಡತಕ್ಕುದು ಆ ಕಾಲುವೆಯ ನೀರನ್ನು. ತೊಗಲು ಸರ್ವಥಾ ಅಸ್ಪೃಶ್ಯವೆಂದು ಶಾಸ್ತ್ರವು ಹೇಳಿಲ್ಲ. ಉಪನಯನದಲ್ಲಿ ವಟುವಿಗೆ ಕೃಷ್ಣಾಜಿನವು ವಿಹಿತವಾಗಿದೆ. ದೇವಾಲಯದಲ್ಲಿ ನುಡಿಯುವ ಮೃದಂಗಕ್ಕೆ ಮುಚ್ಚುವುದು ತೊಗಲನ್ನೇ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ರವ್ಯಶುದ್ಧಿಯನ್ನು ನಿರೂಪಿಸುವಲ್ಲಿ, ಚರ್ಮದ ವಸ್ತುಗಳನ್ನು ಬಟ್ಟೆಯಂತೆಯೇ ಶುದ್ಧಿಮಾಡಿಕೊಳ್ಳಬಹುದೆಂಬ ವಿಧಿಯೂ ಇದೆ. ಹೀಗಿರುವಾಗ ಚೆಂಡು ತಗುಲಿದ ಮುಖವು ನೀರಿನಿಂದ ಶುದ್ಧವಾಗುವುದರಲ್ಲಿ ಸಂಶಯವೇನು? ಹುಡುಗರಿಗೆ ಶಾಸ್ತ್ರವು ತಿಳಿಯದು; ಮನೆಯ ರೂಢಿಯಷ್ಟೇ ತಿಳಿದಿತ್ತು. ಆಂಗ್ಲ ಗುರುವಿಗೂ ಶಾಸ್ತ್ರವು ತಿಳಿಯದು. ಅವರು ಸಹಜಬುದ್ಧಿಯಿಂದ ನೀರನ್ನು ತೋರಿಸಿದರು. ಆದರೆ ಆ ಮಾತು ಹುಡುಗರ ಅಂತರಂಗಕ್ಕೆ ಒಪ್ಪಿಗೆಯಾಗುವ ಮಾತಾಗಿತ್ತು. ಆಟವನ್ನು ಆರಂಭ ಮಾಡಿಸಿದುದು ಕೋಲು. ನಿಂತ ಆಟವನ್ನು ಮತ್ತೆ ನಡೆಯಿಸಿದುದು ನೀರು. ಪುರಾತನ ಸಂಸ್ಕಾರವುಳ್ಳ ಮನಸ್ಸನ್ನು ಹೊಸ ದಾರಿಗೆ ತರಬೇಕಾದರೆ ಅದರ ಸಂಸ್ಕಾರದಲ್ಲಿಯೇ ಇರುವ ಬಾಗಿಲನ್ನು ಹುಡುಕಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನವಾಗಿದೆ.

ಇನ್ನೊಂದು ಮಾತನ್ನೂ ಹೇಳುವುದು ನ್ಯಾಯ. ಈ ಕಥೆಯು ಲೋಕಕ್ಕೆ ತಿಳಿದಿರುವುದು ಗೆದ್ದವರ ಬಾಯಿಂದ. ಬಿಸ್ಕೋರವರು 1920ರಲ್ಲಿ ಕಾಶ್ಮೀರದ ಶೀಲನಿರ್ಮಾಣವನ್ನು ಕುರಿತು ಒಂದು ಪುಸ್ತಕವನ್ನೂ, 1922ರಲ್ಲಿ ಆ ದೇಶದ ಬೆಳಕುನೆರಳುಗಳನ್ನು ಕುರಿತು ಮತ್ತೊಂದನ್ನೂ ಪ್ರಕಟಿಸಿದರು. ಅವರ ಆತ್ಮಚರಿತ್ರೆಯು ಅವರು ತೀರಿಕೊಂಡ ಮೇಲೆ 1951ರಲ್ಲಿ ಹೊರಬಂದಿತು. ಈ ಬರವಣಿಗೆಯಲ್ಲಿ ಧೈರ್ಯವೂ ಹಾಸ್ಯವೂ ತುಂಬಿವೆ. ತಾನೇ ಆ ಜನರನ್ನು ಮನುಷ್ಯರನ್ನಾಗಿ ಮಾಡುತ್ತಿರುವೆನೆಂಬ ಆಳುವ ಜನಾಂಗದ ಗರ್ವವೂ ಇಣಿಕಿನೋಡುತ್ತದೆ. ಅಂದು ಮನೆಗೆ ಹೋದ ಹುಡುಗರನ್ನು ತಾಯಂದಿರು ಹೇಗೆ ಎದುರುಗೊಂಡರು, ಕೋಲು ಹಿಡಿದು ನಿಂತ ಉಪಾಧ್ಯಾಯರು ಏನನ್ನು ನೆನೆದರು ಎಂಬುದನ್ನು ಅವರವರ ಮಾತಿನಲ್ಲಿಯೇ ಕೇಳುವಂತಿದ್ದರೆ ಈ ಚರಿತ್ರೆಯು ಪೂರ್ಣವಾಗುತ್ತಿತ್ತು. ಗುರುವಿನ ಕೈಯ ಕೋಲು ಅಂದಿನ ಕಾಲಕ್ಕೆ ವಿಶೇಷವಲ್ಲ. ಇಂಗ್ಲೆಂಡಿನಲ್ಲಿಯೂ ಇತ್ತು, ಈ ದೇಶದ ಅಗ್ರಹಾರದ ಮಠಗಳಲ್ಲಿಯೂ ಇತ್ತು. ಆದರೆ ಪಾಠವನ್ನು ತಪ್ಪಿದವನಿಗೆ ತೋರಿಸುವ ಕೋಲು ಬೇರೆ, ನಂಬಿಕೆಯನ್ನು ಮೀರೆಂದು ತೋರಿಸುವ ಕೋಲು ಬೇರೆ. ಎರಡನೆಯದನ್ನು ಕೇವಲ ಫಲದಿಂದ ಸಮರ್ಥಿಸುವುದು ಸುಲಭವಲ್ಲ.

ಫಲವಂತೂ ದೊಡ್ಡದಾಯಿತು. ಕೋಲಿನಿಂದ ಆರಂಭವಾದ ಆಟವು ಕೋಲಿಲ್ಲದೆಯೇ ಉಳಿದುಕೊಂಡಿತು. ಹುಡುಗರು ಫೆರನ್ನಿನ ಸೆರಗನ್ನು ಎತ್ತಿಕಟ್ಟಿ ಆಡಿದರು. ಮುಂದೆ ಅಂಗಿ ಚಲ್ಲಣಗಳನ್ನೇ ತೊಟ್ಟರು. ಕಾಲ್ಚೆಂಡಿನ ಹಿಂದೆ ದೋಣಿಯಾಟವೂ ಈಜೂ ಬಂದುವು. ಹಾಂಜಿಗಳ ಕೆಲಸವೆಂದು ಹೇಸುತ್ತಿದ್ದ ಹುಟ್ಟನ್ನೇ ಶಾಲೆಯು ತನ್ನ ಲಾಂಛನದಲ್ಲಿ ಇರಿಸಿಕೊಂಡಿತು. 1892ರಲ್ಲಿ ಕಾಶ್ಮೀರಕ್ಕೆ ವಾಂತಿಭೇದಿಯ ಮಾರಿ ಬಂದಿತು. 1893ರ ಜುಲೈ ತಿಂಗಳಲ್ಲಿ ಝೇಲಂ ನದಿಯು ಉಕ್ಕಿ ಶ್ರೀನಗರವನ್ನು ಮುಳುಗಿಸಿತು. ಇಂತಹ ವಿಪತ್ತುಗಳು ಮೇಲಿಂದಮೇಲೆ ಒದಗುತ್ತಿದ್ದ ಆ ಊರಿನಲ್ಲಿ ಬೀದಿಗಳನ್ನು ಚೊಕ್ಕಟಮಾಡುವುದಕ್ಕೂ, ನೆರೆಯಲ್ಲಿ ಸಿಕ್ಕಿದವರನ್ನು ದೋಣಿಗಳಲ್ಲಿ ತರುವುದಕ್ಕೂ, ಬೆಂಕಿ ಬಿದ್ದ ಮನೆಗಳ ಬಳಿ ದುಡಿಯುವುದಕ್ಕೂ ಆ ಶಾಲೆಯ ಹುಡುಗರು ಮುಂದಾಗಿ ಹೋಗುವುದು ಕ್ರಮೇಣ ವಾಡಿಕೆಯಾಯಿತು. ತೊಗಲನ್ನು ಮುಟ್ಟಲು ಅಂಜಿದ ಮನೆತನಗಳ ಮಕ್ಕಳು ಮುಳುಗುವವನ ಕೈಯನ್ನು ಜಾತಿ ಕೇಳದೆ ಹಿಡಿದರು. ಬಯಲಿನ ಜಯಾಪಜಯಗಳಿಗಿಂತ ಇದೇ ಆ ಆಟದ ನಿಜವಾದ ಗೆಲುವು.

ಇಷ್ಟರಿಂದ ಕೋಲೇ ಸರ್ವಸಾಧಕವೆಂದು ತಿಳಿಯಬಾರದು. ವಸ್ತುವಿನ ಮೈಲಿಗೆಯನ್ನು ಒಂದು ಮಧ್ಯಾಹ್ನದಲ್ಲಿ ದಾಟಬಹುದು, ಏಕೆಂದರೆ ಅದಕ್ಕೆ ನೀರಿನ ಪರಿಹಾರವುಂಟು. ಮನುಷ್ಯನಿಗೆ ಮನುಷ್ಯನು ಹೊರಿಸಿದ ಮೈಲಿಗೆಯು ಅಷ್ಟು ಸುಲಭವಾಗಿ ತೊಳೆದುಹೋಗದು. ಇದಕ್ಕೆ ಸಾಕ್ಷಿ ಕಲ್ಕತ್ತೆಯಲ್ಲಿಯೇ ದೊರೆಯುತ್ತದೆ. ಹೇರ್ ಶಾಲೆಯಲ್ಲಿ ಚೆಂಡಿನ ತೊಗಲನ್ನು ಕುರಿತು ಯಾರೂ ಅಳಲಿಲ್ಲ. ಆದರೆ ನಗೇಂದ್ರಪ್ರಸಾದನು ಬೆಳೆದು ವೆಲಿಂಗ್ಟನ್ ಕ್ಲಬ್ಬೆಂಬ ತಂಡವನ್ನು ಕಟ್ಟಿ, ಅದಕ್ಕೆ ಮಣಿದಾಸನೆಂಬ ಕುಂಬಾರರ ಹುಡುಗನನ್ನು ಸೇರಿಸಿಕೊಳ್ಳಹೋದಾಗ, ಉನ್ನತ ಕುಲದ ಸದಸ್ಯರು ಒಪ್ಪಲಿಲ್ಲ. ಸತ್ತ ಪ್ರಾಣಿಯ ತೊಗಲು ಅವರ ಪಾದಕ್ಕೆ ಒಗ್ಗಿತ್ತು. ಬದುಕಿರುವ ಜೊತೆಗಾರನು ಅವರ ಪಂಕ್ತಿಗೆ ಒಗ್ಗಲಿಲ್ಲ. ನಗೇಂದ್ರಪ್ರಸಾದನು ಅವರೊಡನೆ ವಾದಿಸುತ್ತ ಕೂಡದೆ ಆ ತಂಡವನ್ನೇ ಮುರಿದುಬಿಟ್ಟನು. 1887ರಲ್ಲಿ ಶೋಭಾಬಜಾರದ ರಾಜಮನೆತನದವರ ಬೆಂಬಲದಿಂದ ಹೊಸದೊಂದು ತಂಡವು ಹುಟ್ಟಿತು. ಅದಕ್ಕೆ ಸೇರಿದ ಮೊದಲಿಗರಲ್ಲಿ ಮಣಿದಾಸನೂ ಒಬ್ಬನು. ಅದೇ ಶೋಭಾಬಜಾರದ ತಂಡವು 1892ರಲ್ಲಿ ಟ್ರೇಡ್ಸ್ ಕಪ್ಪಿನ ಪಂದ್ಯದಲ್ಲಿ ಈಸ್ಟ್ ಸರ್ರೆ ರೆಜಿಮೆಂಟಿನ ಆಂಗ್ಲ ಸಿಪಾಯಿಗಳನ್ನು ಎರಡಕ್ಕೆ ಒಂದರಂತೆ ಸೋಲಿಸಿತು. ಶ್ರೀನಗರದ ಹುಡುಗರು ಚೆಂಡನ್ನು ಮುಟ್ಟಲು ಕಲಿತ ಮರುವರ್ಷವೇ ಇದು ನಡೆಯಿತೆಂಬುದನ್ನು ವಾಚಕರು ಗಮನಿಸಬಹುದು.

ಚೆಂಡನ್ನು ಹೊಲಿಯುವ ಕೈಗಳ ಗತಿಯೇನೆಂಬ ಪ್ರಶ್ನೆಯು ಇಲ್ಲಿ ತಾನಾಗಿಯೇ ಏಳುತ್ತದೆ. ಅದಕ್ಕೆ ಉತ್ತರವನ್ನು ಕೊಡತಕ್ಕವನು ಕರ್ನಾಟಕದ ನೆಲದಲ್ಲಿಯೇ ಹುಟ್ಟಿದನು, ಬೇರೊಂದು ಆಟದಲ್ಲಿ ಹೆಸರಾದನು. ಚರ್ಮಕಾರ ಕುಲದ ಪಳವಣಕರ ಬಾಳೂ 1876ರಲ್ಲಿ ಧಾರವಾಡದಲ್ಲಿ ಜನಿಸಿ, ಪುಣೆಯಲ್ಲಿ ಕ್ರಿಕೆಟ್ ಬಯಲನ್ನು ಸಮಮಾಡುವ ಚಾಕರಿಯಿಂದ ಮೇಲೆದ್ದು, ತನ್ನ ಕಾಲದ ಹಿಂದೂ ತಂಡದ ಶ್ರೇಷ್ಠ ಬೌಲರನಾದನು. ಬಯಲಿನಲ್ಲಿ ಅವನು ಎಸೆದ ತೊಗಲಿನ ಚೆಂಡನ್ನು ಬ್ರಾಹ್ಮಣ ಜೊತೆಗಾರರು ಹಿಡಿಯುವರು. ವಿರಾಮದಲ್ಲಿ ಅವನಿಗೆ ಮಾತ್ರ ಚಹವು ಮಂಟಪದ ಹೊರಗೆ ಮಣ್ಣಿನ ಕುಡಿಕೆಯಲ್ಲಿ. ಒಂದೇ ಚೆಂಡಿಗೆ ಬೆಳಿಗ್ಗೆ ಇಲ್ಲದ ಮೈಲಿಗೆಯು ಮಧ್ಯಾಹ್ನ ಅದನ್ನು ಹಿಡಿದ ಕೈಗೆ ಎಲ್ಲಿಂದ ಬಂದಿತು? ಬಾಳೂವಿಗೆ ಹಿಂದೂ ತಂಡದ ನಾಯಕತ್ವವು ದೊರೆಯಲಿಲ್ಲ. ಅವನ ತಮ್ಮನಾದ ವಿಠ್ಠಲನಿಗೆ ಅದು 1923ರಲ್ಲಿ ದೊರೆಯಿತು. ಶೇಖ್‌ಬಾಗಿನ ಕಾಲುವೆಯಲ್ಲಿ ಮುಖ ತೊಳೆಯಲು ಹಿಡಿದ ನಿಮಿಷಗಳನ್ನೂ ಈ ವರ್ಷಗಳನ್ನೂ ಹೋಲಿಸಿದರೆ, ಯಾವ ಕಟ್ಟು ಹೆಚ್ಚು ಬಿಗಿಯಾದುದೆಂಬುದು ತಿಳಿಯುವುದು.

ಕಲ್ಕತ್ತೆಯಲ್ಲಿ ಹುಡುಗರ ಆಸೆಯಾಗಿ ಹುಟ್ಟಿದ ಆಟವು 1911ರ ಜುಲೈ 29ರಂದು ದೇಶಕ್ಕೆಲ್ಲ ತಿಳಿಯಿತು. ಶಿವದಾಸ ಭಾದುರಿಯ ನಾಯಕತ್ವದಲ್ಲಿ ಮೋಹನ್ ಬಾಗಾನ್ ತಂಡವು ಐ. ಎಫ್. ಎ. ಶೀಲ್ಡಿನ ಅಂತಿಮ ಪಂದ್ಯದಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಎರಡಕ್ಕೆ ಒಂದರಂತೆ ಗೆದ್ದಿತು. ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟವರು ಸುಧೀರ ಚಟರ್ಜಿಯವರೊಬ್ಬರೇ. ಉಳಿದ ಹತ್ತು ಮಂದಿ ಬರಿಗಾಲಿನವರು. ಬಿಸ್ಕೋರವರಾದರೋ ಐವತ್ತಾರು ವರ್ಷಕ್ಕೂ ಮೇಲ್ಪಟ್ಟು ಕಾಶ್ಮೀರದಲ್ಲಿ ಬಾಳಿ 1947ರಲ್ಲಿ ಅಲ್ಲಿಂದ ಹೊರಟು, 1949ರಲ್ಲಿ ಆಫ್ರಿಕಾ ಖಂಡದ ರೊಡೇಷಿಯದಲ್ಲಿ ತೀರಿಕೊಂಡರು. ಅವರ ಹೆಸರಿನ ಶಾಲೆಯು ಆ ಶೇಖ್‌ಬಾಗಿನಲ್ಲಿಯೇ ನಡೆಯುತ್ತಿದೆ. ಕೋಲಿಗೆ ಅಂಜಿ ಒದ್ದ ಚೆಂಡು ಆ ಕಣಿವೆಯ ಮಕ್ಕಳಿಗೆ ಈಗ ಪ್ರಾಣಪ್ರಿಯವಾಗಿದೆ. 2016ರಲ್ಲಿ ಶ್ರೀನಗರದಲ್ಲಿ ಹುಟ್ಟಿದ ರಿಯಲ್ ಕಾಶ್ಮೀರ್ ತಂಡವು 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಬಯಲಿನಲ್ಲಿ ಹಿಂದೂಸ್ಥಾನ್ ತಂಡವನ್ನು ಮೂರಕ್ಕೆ ಎರಡರಂತೆ ಗೆದ್ದು ಐ-ಲೀಗಿಗೆ ಏರಿತು. ಬಿಲ್ಹಣನು ದಕ್ಷಿಣಕ್ಕೆ ಬಂದುದು ಕಾವ್ಯದೊಡನೆ. ಇವರು ಬಂದುದು ಕಾಲ್ಚೆಂಡಿನೊಡನೆ.

ಎರಡು ಶಾಲೆಗಳ ಈ ಚರಿತ್ರೆಯಿಂದ ತಿಳಿಯತಕ್ಕುದಿಷ್ಟು. ಗುರುವು ಬಲವಂತದಿಂದ ಶಿಷ್ಯನ ಕಾಲನ್ನು ಎತ್ತಿಸಬಹುದು. ಅವನ ಭಯಕ್ಕೆ ಪರಿಹಾರವನ್ನು ಅವನು ಒಪ್ಪುವ ಮಾತಿನಲ್ಲಿ ತೋರಿಸಿದರೆ ಆ ಕಾಲು ತಾನಾಗಿಯೇ ಓಡುವುದು. ಆದರೆ ಜೊತೆಗಾರನನ್ನು ಪಂಕ್ತಿಗೆ ಕರೆಯುವ ಕೆಲಸವನ್ನು ಯಾವ ಕೋಲೂ ಮಾಡಿಸಲಾರದು. ಅದಕ್ಕೆ ತಾನು ಕಟ್ಟಿದ ತಂಡವನ್ನು ತಾನೇ ಮುರಿಯಬಲ್ಲ ಒಬ್ಬ ಹುಡುಗನು ಬೇಕಾಯಿತು. ಅಂತಹ ಹುಡುಗರು ತಮ್ಮಲ್ಲಿ ಎಷ್ಟು ಮಂದಿ ಬೆಳೆದರೆಂಬುದನ್ನು ಪಾಠಶಾಲೆಗಳು ಕಪ್ಪುಗಳ ಲೆಕ್ಕದೊಡನೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.